ಮೇಲಿನ ಬೀದಿಗೆ ಕೇಳಿಸುತ್ತಿದೆ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಪುರಸಭೆಯ ಅಧ್ಯಕ್ಷರೇ, ಆಗಿನಿಂದ ಗಡಿಯಾರ ನೋಡುತ್ತಿರುವ ಮುಖ್ಯಾಧಿಕಾರಿಗಳೇ, ಬೀದಿ ಬೀದಿಯಿಂದ ಆರಿಸಿ ಬಂದ ಸದಸ್ಯರೇ, ಕುರ್ಚಿ ಸಿಕ್ಕ ಸಭಿಕರೇ, ಕುರ್ಚಿ ಸಿಗದೆ ಗೋಡೆಗೆ ಒರಗಿ ನಿಂತ ಸಭಿಕರೇ, ಸಭೆಗೆ ಬರಲಾಗದೆ ಮನೆಯಲ್ಲೇ ಕೂತು ಹಾರ್ನಿನಲ್ಲಿ ಕೇಳುತ್ತಿರುವ ಊರಿನ ಎಲ್ಲ ಜನರೇ,

ನಾನು ಮೇಲಿನ ಬೀದಿಯ ಗಿರಣಿ ಮನೆಯ ಹಿರಿಯಳು. ಹೈಸ್ಕೂಲು ಪಾಸು ಮಾಡಿದವಳು. ನನ್ನ ಕಾಲಕ್ಕೆ ಅದು ಇವತ್ತಿನ ಎರಡು ಡಿಗ್ರಿಗೆ ಸಮ. ಈ ಊರಿನಲ್ಲಿ ಹಿಟ್ಟು ಬೀಸಿಸದ ಮನೆ ಇಲ್ಲ, ಆದ್ದರಿಂದ ನಮ್ಮ ಕಟ್ಟೆ ಹತ್ತದ ಮನೆಯೂ ಇಲ್ಲ. ಮೂವರು ಅಧ್ಯಕ್ಷರನ್ನು ನಾನು ನೋಡಿದ್ದೇನೆ, ಅವರಲ್ಲಿ ಇಬ್ಬರು ಚಡ್ಡಿ ಹಾಕಿಕೊಂಡು ಹಿಟ್ಟಿನ ಡಬ್ಬ ಹೊತ್ತು ಬರುತ್ತಿದ್ದುದನ್ನೂ ನೋಡಿದ್ದೇನೆ. ಈಗಿನ ಅಧ್ಯಕ್ಷರು ನಗುತ್ತಿದ್ದಾರೆ. ನಗಲಿ. ಅವರ ಡಬ್ಬಕ್ಕೆ ಮುಚ್ಚಳ ಇರುತ್ತಿರಲಿಲ್ಲ, ದಾರಿಯುದ್ದಕ್ಕೂ ಗೆರೆ ಎಳೆದುಕೊಂಡು ಹೋಗುತ್ತಿದ್ದರು.

ಇಷ್ಟನ್ನು ಏಕೆ ಹೇಳಿದೆನೆಂದರೆ, ಇವತ್ತಿನ ಸಭೆಗೆ ನನ್ನನ್ನು ಕರೆದದ್ದು ಹಿರಿಯಳೆಂದಲ್ಲ. ಆಮಂತ್ರಣದಲ್ಲಿ ‘ಮೇಲಿನ ಬೀದಿಯ ಆಲಿಸುವವರು’ ಎಂದು ಅಚ್ಚು ಹಾಕಿಸಿದ್ದಾರೆ. ಹೊಸಬರಿಗೆ ಅದು ಏನೆಂದು ಗೊತ್ತಿರಲಾರದು. ಗೊತ್ತಿಲ್ಲದ್ದನ್ನು ಹೇಳುವುದು ಹಿರಿಯರ ಕೆಲಸ.

ಈ ಊರಿಗೆ ಸುದ್ದಿ ಬರುವುದು ಪ್ರತಿ ಸಂಜೆ ಹಾರ್ನಿನಲ್ಲಿ. ಪುರಸಭೆಯ ಮಾಳಿಗೆಯ ಕೋಣೆಯಲ್ಲಿ ಒಂದು ಮೈಕು, ಒಂದೊಂದು ಬೀದಿಯ ಎತ್ತರದ ಮನೆಯ ಮೇಲೆ ಒಂದೊಂದು ಹಾರ್ನು. ನಾಳೆ ಕೆಳಗಿನ ಬೀದಿಗೆ ನೀರು ಬೆಳಿಗ್ಗೆ ಬದಲು ಸಂಜೆ ಬರುತ್ತದೆ. ಸೇತುವೆ ದುರಸ್ತಿ, ಲಾರಿಗಳು ಹೊರ ರಸ್ತೆ ಹಿಡಿಯಬೇಕು. ಮನೆ ತೆರಿಗೆಗೆ ಈ ವಾರ ಕೊನೆ. ಹಸಿ ಕಸ, ಒಣ ಕಸ ಬೇರೆ ಬೇರೆ ಇಡದಿದ್ದರೆ ಗಾಡಿಯವನು ತೆಗೆದುಕೊಳ್ಳುವುದಿಲ್ಲ. ಗ್ರಂಥಾಲಯದಲ್ಲಿ ಒಂದು ಕನ್ನಡಕ ಸಿಕ್ಕಿದೆ, ಕಳೆದುಕೊಂಡವರು ತಡಕಾಡಿಕೊಂಡಾದರೂ ಬಂದು ತೆಗೆದುಕೊಂಡು ಹೋಗಬೇಕು. ಇಂಥವರ ಮನೆಯಲ್ಲಿ ಇಂಥವರು ತೀರಿಕೊಂಡಿದ್ದಾರೆ.

ಹಾರ್ನು ಹಾಕಿದ ಹೊಸತರಲ್ಲಿ ಒಂದು ತೊಂದರೆ ಆಯಿತು. ಮೈಕಿನ ಮುಂದೆ ಕೂತವರಿಗೆ ತಮ್ಮ ಧ್ವನಿ ಯಾವ ಬೀದಿಗೆ ತಲುಪಿತು, ಯಾವ ಬೀದಿಗೆ ತಲುಪಲಿಲ್ಲ ಎಂದು ಹೇಗೆ ತಿಳಿಯಬೇಕು? ಒಂದು ಸಲ ತಂತಿ ಕಡಿದು, ನೀರಿನ ಸುದ್ದಿ ಮುಟ್ಟದೆ, ಇಡೀ ಬೀದಿ ಕೊಡ ಹಿಡಿದುಕೊಂಡು ಪುರಸಭೆಯ ಮೆಟ್ಟಿಲ ಮೇಲೆ ಕೂತಿತ್ತು. ಆಗ ಒಂದು ಕ್ರಮ ಮಾಡಿದರು. ಹಾರ್ನಿರುವ ಪ್ರತಿ ಮನೆಯಲ್ಲೂ ಒಬ್ಬ ಆಲಿಸುವವರು. ಸುದ್ದಿ ಶುರುವಾಗುವ ಮುಂಚೆ ಮೈಕಿನಿಂದ ಒಂದೊಂದು ಬೀದಿಯ ಹೆಸರು ಹಿಡಿದು, ‘ಕೇಳಿಸ್ತಿದೆಯಾ?’ ಎಂದು ಕೇಳುತ್ತಿದ್ದರು. ಕೇಳಿಸಿದರೆ ನಾವು ನಮ್ಮ ಮಹಡಿಯ ಮೇಲಿನ ದೀಪ ಹಾಕಬೇಕಿತ್ತು. ಮಾಳಿಗೆಯ ಕಿಟಕಿಯಿಂದ ದೀಪ ಕಾಣಿಸುತ್ತದೆ. ದೀಪ ಹತ್ತಿದರೆ ಮುಂದಿನ ಬೀದಿ. ಹತ್ತದಿದ್ದರೆ ಲೈನ್‌ಮನ್ ಏಣಿ ಹೊತ್ತು ಓಡಬೇಕಿತ್ತು. ಅವನನ್ನು ಊರು ‘ಏಣಿ’ ಎಂದೇ ಕರೆಯುವುದು. ಅಲ್ಲಿ ಮೈಕಿನ ಪೆಟ್ಟಿಗೆ ಪಕ್ಕದಲ್ಲಿ ನಿಂತಿದ್ದಾನೆ, ನೋಡಿ. ಏಣಿ ಇಲ್ಲದೆ ಅವನನ್ನು ನಾನು ನೋಡುತ್ತಿರುವುದು ಇದೇ ಮೊದಲು, ಅರ್ಧ ಆಳಾಗಿ ಕಾಣಿಸುತ್ತಾನೆ.

ನಾಳೆಯಿಂದ ಇದೆಲ್ಲ ಇಲ್ಲ. ಸುದ್ದಿ ನಿಮ್ಮ ನಿಮ್ಮ ಫೋನಿಗೆ ಬರುತ್ತದೆ ಎಂದು ಮುಖ್ಯಾಧಿಕಾರಿಗಳು ಈಗ ತಾನೇ ವಿವರಿಸಿದರು. ‘ಟಿಂಗ್’ ಅನ್ನುತ್ತದಂತೆ. ಹಾರ್ನುಗಳು ಕೆಳಗಿಳಿಯುತ್ತವೆ. ಮಾಳಿಗೆಯ ಕೋಣೆಗೆ ಯಂತ್ರ ಬರುತ್ತದೆ. ಆ ಕೋಣೆಯಲ್ಲಿ, ಅದರ ಪಕ್ಕದ ವಾಸದ ಕೋಣೆಯಲ್ಲಿ ಇಷ್ಟು ವರ್ಷ ಇದ್ದು ಸುದ್ದಿ ಓದಿದವರಿಗೆ ಇವತ್ತು ಫಲಕ ಕೊಟ್ಟಿದ್ದೇವೆ, ಚಪ್ಪಾಳೆ ಹೊಡೆದಿದ್ದೇವೆ. ಅವರು ನಾಳೆಯ ಬಸ್ಸಿಗೆ ದೂರದ ಊರಿನ ಅಣ್ಣನ ಮಗಳ ಮನೆಗೆ ಹೋಗಿ ವಿಶ್ರಾಂತ ಜೀವನ ನಡೆಸುತ್ತಾರೆ ಎಂದು ಅಧ್ಯಕ್ಷರು ಹೇಳಿದರು. ನೀವೆಲ್ಲ ಅವರನ್ನು ‘ಸುದ್ದಿಯಮ್ಮ’ ಎನ್ನುತ್ತೀರಿ. ವೇದಿಕೆಯ ಆ ತುದಿಯ ಕುರ್ಚಿಯಲ್ಲಿ ಕೂತಿದ್ದಾರೆ. ಈ ತುದಿಯ ಕುರ್ಚಿ ನನ್ನದು. ನಡುವೆ ಗಣ್ಯರಿದ್ದಾರೆ. ಕುರ್ಚಿ ಹಾಕಿಸಿದವರಿಗೆ ನಮ್ಮ ಮನೆಯ ವಿಚಾರ ಗೊತ್ತಿರಬೇಕು. ಒಳ್ಳೆಯದೇ ಮಾಡಿದರು.

ಅವರ ಧ್ವನಿಯ ಬಗ್ಗೆ ನನಗಿಂತ ಮುಂಚೆ ಮಾತಾಡಿದವರೆಲ್ಲ ಹೊಗಳಿದರು. ಒಬ್ಬರು ‘ದೈವದತ್ತ’ ಎಂದರು. ಕ್ಷಮಿಸಬೇಕು, ನಾನು ತಪ್ಪನ್ನು ತಪ್ಪು ಎನ್ನದೆ ಬಿಡುವವಳಲ್ಲ. ಆ ಧ್ವನಿ ದೈವದತ್ತವೂ ಅಲ್ಲ, ಪುರಸಭೆದತ್ತವೂ ಅಲ್ಲ. ಅದು ನಮ್ಮ ಗಿರಣಿಯಲ್ಲಿ ತಯಾರಾದದ್ದು.

ನಾನು ಆ ಮನೆಗೆ ಹಿರಿ ಸೊಸೆಯಾಗಿ ಬಂದೆ. ಕೆಲವು ವರ್ಷ ಕಳೆದ ಮೇಲೆ ಅವರು ಕಿರಿ ಸೊಸೆಯಾಗಿ ಬಂದರು. ನನ್ನ ಮೈದುನನ ಹೆಂಡತಿ, ನನಗೆ ಓರಗಿತ್ತಿ. ಅಕ್ಕತಂಗಿಯರನ್ನು ಹುಟ್ಟು ಕೊಡುತ್ತದೆ, ಗಂಡನನ್ನು ಹಿರಿಯರು ಕೊಡುತ್ತಾರೆ. ಓರಗಿತ್ತಿಯನ್ನು ಯಾರೂ ಕೇಳಿ ಕೊಡುವುದಿಲ್ಲ. ಒಂದು ದಿನ ಬಾಗಿಲಲ್ಲಿ ಪೆಟ್ಟಿಗೆ ಇಟ್ಟುಕೊಂಡು ನಿಂತಿರುತ್ತಾಳೆ. ಒಲೆಯ ಮುಂದೆ ಜಾಗ ಬಿಡಬೇಕು, ಅಷ್ಟೆ.

ಇವಳು ಬಂದಾಗ ಹೇಗಿದ್ದಳು ಗೊತ್ತೇ? ನಾಲಿಗೆ ಇದೆಯೋ ಇಲ್ಲವೋ ಅನ್ನುವ ಹಾಗೆ. ವಾಕ್ಯದ ಬಾಲವನ್ನು ನುಂಗುತ್ತಿದ್ದಳು. ‘ಅಕ್ಕಾ, ಉಪ್ಪು ಮು...’ ಅನ್ನುತ್ತಿದ್ದಳು. ಮುಗಿದಿದೆಯೋ, ಮುಂದೆ ಇದೆಯೋ, ಮುಚ್ಚಿಟ್ಟಿದ್ದಾಳೋ, ನಾವೇ ಊಹಿಸಿಕೊಳ್ಳಬೇಕು. ನಮ್ಮದು ಗಿರಣಿ ಮನೆ. ಕೆಳಗೆ ಕಲ್ಲು ತಿರುಗುತ್ತಿದ್ದರೆ ಮೇಲೆ ಗೋಡೆಯೇ ಗುಂಯ್ ಅನ್ನುತ್ತದೆ. ಅಂಥ ಮನೆಯಲ್ಲಿ ಪಿಸುಮಾತು ನಡೆಯುತ್ತದೆಯೇ? ‘ಬಾಯಿ ಬಿಟ್ಟು ಮಾತಾಡೇ, ಸಾಲ ಕೇಳ್ತಿಲ್ಲ ನೀನು’ ಅಂದೆ. ಬೆಳಗಿನ ಕೆಲಸ ಮುಗಿದ ಮೇಲೆ ಹಳೇ ಪತ್ರಿಕೆ ಕೈಗೆ ಕೊಟ್ಟು, ಗಿರಣಿಯ ಬಾಗಿಲಲ್ಲಿ ನಿಲ್ಲಿಸಿ, ಕಲ್ಲಿನ ಸದ್ದಿನ ಮೇಲೆ ಓದಿಸುತ್ತಿದ್ದೆ. ನಾನು ಮಹಡಿಯ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದೆ. ಕೇಳಿಸದಿದ್ದರೆ ಮೊದಲಿನಿಂದ.

‘ಅಕ್ಕಾ, ಗಂಟಲು ಹರಿದುಹೋಗುತ್ತೆ.’

‘ಕಿರುಚಬೇಡ. ಕಿರುಚಿದ್ರೆ ಕಲ್ಲೇ ಗೆಲ್ಲುತ್ತೆ. ನಿಧಾನಕ್ಕೆ ಹೇಳು. ಕಲ್ಲಿನ ಕೆಳಗಿಂದ ಹೋಗು.’

‘ಕೆಳಗಿಂದ ಅಂದ್ರೆ?’

‘ಹಿಟ್ಟು ಎಲ್ಲಿಂದ ಬರುತ್ತೋ ಅಲ್ಲಿಂದ.’

ಬಿದ್ದು ಬಿದ್ದು ನಕ್ಕಳು. ಆದರೆ ಕಲಿತಳು. ಒಂದು ಮಾತನ್ನು ಎರಡು ಸಲ ಹೇಳುವುದನ್ನು ಕಲಿಸಿದ್ದೂ ನಾನೇ. ಮೊದಲನೆಯದು ಕಿವಿಗೆ, ಎರಡನೆಯದು ತಲೆಗೆ. ‘ಇನ್ನೊಮ್ಮೆ ಹೇಳುತ್ತೇನೆ’ ಎಂದು ಅವರು ಸುದ್ದಿಯನ್ನು ತಿರುಗಿ ಓದುವಾಗ ನಿಮ್ಮ ಮಕ್ಕಳೆಲ್ಲ ಅಣಕಿಸುತ್ತಾರಲ್ಲ, ಅದು ನನ್ನ ಮಾತು. ಅಣಕಿಸುವವರು ನನ್ನನ್ನೂ ಸೇರಿಸಿ ಅಣಕಿಸಿರಿ.

ಆಮೇಲೆ ಅವಳದೇ ಒಂದು ಅಭ್ಯಾಸ ಬೆಳೆಯಿತು. ಕೆಳಗೆ ಗಿರಣಿಯಲ್ಲಿ ತೂಕದ ಹತ್ತಿರ ಅವಳು, ಮೇಲೆ ಒಲೆಯ ಹತ್ತಿರ ನಾನು. ಏನನ್ನಾದರೂ ಹೇಳುವ ಮುಂಚೆ ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಿದ್ದಳು. ‘ಅಕ್ಕಾ, ಕೇಳಿಸ್ತಿದೆಯಾ?’ ನಾನು ಇದ್ದಲ್ಲಿಂದಲೇ, ‘ಕೇಳಿಸ್ತಿದೆ, ಹೇಳು.’ ಅಷ್ಟಾದ ಮೇಲೆ ವಿಷಯ. ಕೆಲವು ಸಲ ವಿಷಯವೇ ಇರುತ್ತಿರಲಿಲ್ಲ. ‘ಕೇಳಿಸ್ತಿದೆ, ಹೇಳು’ ಅಂದರೆ, ‘ಏನಿಲ್ಲ, ಸುಮ್ನೆ ಕೇಳಿದೆ’ ಅನ್ನುತ್ತಿದ್ದಳು. ಹಾಲು ಉಕ್ಕಿಹೋಗುತ್ತಿತ್ತು ಇವಳ ದೆಸೆಯಿಂದ.

ಕ್ಷಮಿಸಿ. ನಾನು ಧ್ವನಿವರ್ಧಕದ ಇತಿಹಾಸ ಹೇಳುತ್ತಿದ್ದೆ.

ನನ್ನ ಮೈದುನ ಕಾಯಿಲೆಯಿಂದ ಹೋದ. ಮನೆಯೊಳಗಿನ ನಗು ಅವನ ಜೊತೆಗೇ ಹೋಯಿತು. ಅದೇ ವರ್ಷ ಪುರಸಭೆಯವರು ಸುದ್ದಿ ಓದಲು ಯಾರಾದರೂ ಬೇಕು ಎಂದು ಹುಡುಕುತ್ತಿದ್ದರು. ಗಿರಣಿಗೆ ಬಂದ ಯಾರೋ ಇವಳಿಗೆ ಹೇಳಿದರು. ಇವಳು ಬಂದು ನನಗೆ ಹೇಳಿದಳು. ನಾನು ಬೇಡ ಅಂದೆ. ನಮ್ಮ ಮನೆಯ ಸೊಸೆ ನೀರು ಬಂತು, ಕಸ ಹೋಯಿತು ಎಂದು ಊರಿಗೆಲ್ಲ ಕೂಗುವುದೇ? ನಮಗೆ ಏನು ಕಡಿಮೆಯಾಗಿತ್ತು?

‘ಕಡಿಮೆ ಅಂತಲ್ಲ ಅಕ್ಕಾ. ಮನೆ ತುಂಬಾ ಸುಮ್ಮನಾಗ್ಬಿಟ್ಟಿದೆ. ಗಿರಣಿ ನಿಂತ್ರೆ ನನಗೆ ಉಸಿರು ಕಟ್ಟುತ್ತೆ.’

‘ಗಿರಣಿ ನಿಂತ್ರೆ ಮಲಗು.’

‘ಎಷ್ಟೂಂತ ಮಲಗ್ಲಿ?’

ಮಾತಿಗೆ ಮಾತು ಬೆಳೆಯಿತು. ನೀವೂ ಮನೆ ಮಂದಿ, ಬೆಳೆಯುವುದು ಹೇಗೆಂದು ಗೊತ್ತಲ್ಲ. ಕೊನೆಗೆ ಪೆಟ್ಟಿಗೆ ಎತ್ತಿಕೊಂಡಳು. ನಾನು ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದೆ. ‘ಹೋಗುವವಳು ಹೋಗು. ಮತ್ತೆ ಈ ಹೊಸಿಲು ತುಳೀಬೇಡ.’ ಅವಳು ನಿಂತಳು. ಕೆಳಗೆ ನೋಡಿದಳು. ತುಳಿಯದ ಹಾಗೆ ಕಾಲೆತ್ತಿ ಹೊಸಿಲು ದಾಟಿ ಹೋದಳು.

ಈ ಊರಿಗೆ ನನ್ನ ಒಂದು ಗುಣ ಗೊತ್ತು. ಆಡಿದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಒಮ್ಮೆ ಹಾಲಿನವನು ಹಾಲಿಗೆ ನೀರು ಬೆರೆಸಿದನೆಂದು, ‘ನಾಳೆಯಿಂದ ನೀನು ನಮ್ಮ ಮನೆಗೆ ಬರಬೇಡ’ ಅಂದೆ. ಆಮೇಲೆ ಗೊತ್ತಾಯಿತು, ಡಬ್ಬ ತೊಳೆದು ನೀರು ಬಿಟ್ಟಿದ್ದವರು ನಮ್ಮ ಮನೆಯವರೇ. ಆದರೆ ಮಾತು ಆಡಿ ಆಗಿತ್ತಲ್ಲ! ಅವನ ಮಗ ವ್ಯಾಪಾರ ಹಿಡಿಯುವ ತನಕ ನಮ್ಮ ಮನೆಯಲ್ಲಿ ಹಾಲಿಲ್ಲದ ಚಹಾ. ಮಗ ಬಂದ ದಿನ ಪಾತ್ರೆ ಮುಂದೆ ಹಿಡಿದೆ. ಮಗನಿಗೆ ಬರಬೇಡ ಎಂದು ನಾನು ಯಾವತ್ತೂ ಹೇಳಿರಲಿಲ್ಲ. ನಗಬೇಡಿ. ಮಾತೆಂದರೆ ಹಾಗಿರಬೇಕು. ಆಡಿದಷ್ಟನ್ನು ನಡೆಸಬೇಕು, ಆಡದ್ದನ್ನು ಸೇರಿಸಬಾರದು.

ಹಾಗಾಗಿ ಅವಳು ಬರಲಿಲ್ಲ, ನಾನು ಕರೆಯಲಿಲ್ಲ.

ಬೇರೆ ಬೀದಿಗಳಿಗೆಲ್ಲ ಹಾರ್ನು ಬಂದ ಮೇಲೆ ಒಂದು ದಿನ ಏಣಿ ನಮ್ಮ ಮನೆಗೂ ಬಂದ. ಮೇಲಿನ ಬೀದಿಯಲ್ಲಿ ಎತ್ತರದ ಮನೆ ನಮ್ಮದೇ, ಹಾರ್ನು ಹಾಕಲು ಒಪ್ಪಿಗೆ ಬೇಕು ಎಂದ. ಸಾರ್ವಜನಿಕ ಕೆಲಸ, ಬೇಡವೆನ್ನಲು ನಾನು ಯಾರು? ಒಪ್ಪಿದೆ. ಅದಕ್ಕೆ ಬೇರೆ ಕಾರಣ ಏನೂ ಇರಲಿಲ್ಲ. ಮಹಡಿ ಹತ್ತಿ, ‘ಬಾಯಿ ಯಾವ ಕಡೆಗೆ ತಿರುಗಿಸಲಮ್ಮ?’ ಎಂದು ಕೇಳಿದ.

‘ಸ್ವಲ್ಪ ಹಿತ್ತಲ ಕಡೆಗೆ ತಿರುಗಿಸು.’

‘ಹಿತ್ತಲ ಕಡೆ ಮನೆಗಳೇ ಇಲ್ವಲ್ಲಮ್ಮ. ನಿಮ್ಮ ಅಡುಗೆಮನೆ ಕಿಟಕಿ ಬಿಟ್ರೆ ಏನೂ ಇಲ್ಲ.’

‘ಮುಂದೆ ಆಗಬಹುದು. ಊರು ಬೆಳೆಯೋದು ಬೇಡ್ವಾ? ಹೇಳಿದಷ್ಟು ಮಾಡು.’

ಇವತ್ತಿಗೂ ಅಲ್ಲಿ ಮನೆಗಳಾಗಿಲ್ಲ. ಅದು ಪುರಸಭೆಯ ಬಡಾವಣೆ ವಿಭಾಗದ ತಪ್ಪು, ನನ್ನದಲ್ಲ.

ಮೊದಲ ಸಂಜೆ. ನಾನು ಒಲೆಯ ಮುಂದಿದ್ದೆ. ಮೇಲಿನಿಂದ ಖರಖರ ಎಂದು ಸದ್ದಾಯಿತು. ಆಮೇಲೆ ಧ್ವನಿ ಬಂತು. ಬೀದಿಗಳ ಹೆಸರು ಒಂದೊಂದಾಗಿ ಹಿಡಿದು ಕೇಳುತ್ತಿತ್ತು. ಕೊನೆಗೆ, ‘ಮೇಲಿನ ಬೀದಿ, ಕೇಳಿಸ್ತಿದೆಯಾ?’

ಒಂದು ಬಾಲವನ್ನೂ ನುಂಗಿರಲಿಲ್ಲ. ಕಲ್ಲಿನ ಕೆಳಗಿಂದ ಬಂದ ಧ್ವನಿ.

ನಾನು ಮೆಟ್ಟಿಲು ಹತ್ತಿ ದೀಪ ಹಾಕಿದೆ. ನಿಯಮ ಹಾಗಿತ್ತು. ಅವಳ ಜೊತೆ ಮಾತು ಬಿಟ್ಟಿದ್ದೆ ನಿಜ, ಆದರೆ ದೀಪ ಹಾಕುವುದು ಮಾತಾಡಿದ ಹಾಗಲ್ಲ. ಆಮೇಲಿನಿಂದ ಯಾವ ಸಂಜೆಯೂ ತಪ್ಪಿಸಲಿಲ್ಲ. ಸೊಸೆ, ‘ನೀವು ಯಾಕತ್ತೆ ಹತ್ತಿ ಇಳೀತೀರಿ, ಸ್ವಿಚ್ಚು ಕೆಳಗೇ ಹಾಕಿಸೋಣ’ ಅಂದಳು. ಬೇಡ ಅಂದೆ. ಮಗ, ‘ಅಮ್ಮಾ, ಮಂಡಿ ನೋವು’ ಅಂದ. ಮಂಡಿ ನನ್ನದು ಅಂದೆ. ಮೇಲೆ ಹೋದರೆ ಪುರಸಭೆಯ ಮಾಳಿಗೆಯ ಕಿಟಕಿ ಕಾಣಿಸುತ್ತದೆ. ಕಿಟಕಿಯಲ್ಲಿ ಒಂದು ಆಕಾರ. ಇಷ್ಟು ದೂರದಿಂದ ಮುಖ ಎಲ್ಲಿ ಕಾಣಬೇಕು? ದೀಪ ಹತ್ತಿದ ಮೇಲೆ ಅದು ಒಂದು ಕ್ಷಣ ನಿಂತು ಒಳಗೆ ಹೋಗುತ್ತಿತ್ತು. ಆಮೇಲೆ ನಾನೂ ಕೆಳಗಿಳಿದು ಸುದ್ದಿ ಕೇಳುತ್ತಿದ್ದೆ. ಕೆಳಗಿನ ಬೀದಿಗೆ ನೀರು ಯಾವಾಗ ಬರುತ್ತದೆ ಎಂದು ನನಗೆ ಏನಾಗಬೇಕು? ಆದರೂ ಪೂರ್ತಿ ಕೇಳುತ್ತಿದ್ದೆ. ಎರಡೂ ಸಲ.

ಅವಳಿಗೆ ನೆಗಡಿಯಾದರೆ ಊರಿನಲ್ಲಿ ಮೊದಲು ಗೊತ್ತಾಗುತ್ತಿದ್ದುದು ನನಗೆ. ಪುರಸಭೆಗೂ ಗೊತ್ತಿರಲಿಕ್ಕಿಲ್ಲ. ಕಷಾಯ ಕುಡಿದಿದ್ದಾಳೋ ಇಲ್ಲವೋ ಎಂದು ಮಾರನೇ ಸಂಜೆ ತಿಳಿಯುತ್ತಿತ್ತು.

ನನ್ನ ಯಜಮಾನರು ತೀರಿಕೊಂಡ ಸುದ್ದಿಯನ್ನೂ ಅವಳೇ ಓದಿದಳು. ‘ಮೇಲಿನ ಬೀದಿಯ ಗಿರಣಿ ಮನೆಯ ಹಿರಿಯರು ಇಂದು ಮಧ್ಯಾಹ್ನ ನಿಧನರಾಗಿದ್ದಾರೆ.’ ಎಲ್ಲರ ಸಾವನ್ನು ಓದುವ ಹಾಗೆಯೇ ಓದಿದಳು. ‘ಇನ್ನೊಮ್ಮೆ ಹೇಳುತ್ತೇನೆ’ ಅಂದಳು. ಹೇಳಲಿಲ್ಲ. ಮೈಕು ಆರಿಸಲೂ ಇಲ್ಲ. ಹಾರ್ನಿನಲ್ಲಿ ಬರೀ ಉಸಿರು. ಊರಿಗೆ ಅದು ಗಾಳಿಯ ಸದ್ದಿನ ಹಾಗೆ ಕೇಳಿಸಿರಬೇಕು. ಬಹಳ ಹೊತ್ತಾದ ಮೇಲೆ ಎರಡನೇ ಸಲ ಓದಿದಳು. ಅವತ್ತೂ ಪ್ರಶ್ನೆ ಕೇಳಿದ್ದಳು, ಅವತ್ತೂ ನಾನು ಹತ್ತಿ ದೀಪ ಹಾಕಿದ್ದೆ. ಗಂಡನನ್ನು ನಡುಮನೆಯಲ್ಲಿ ಮಲಗಿಸಿಕೊಂಡು ಇವಳು ಮಹಡಿ ಹತ್ತಿದಳಲ್ಲ ಎಂದು ನೆಂಟರು ಆಡಿಕೊಂಡರು. ಕೇಳಿದವರಿಗೆ ಉತ್ತರ ಕೊಡಬೇಕೋ ಬೇಡವೋ, ನೀವೇ ಹೇಳಿ.

ಈಗ ದೂರಿನ ವಿಚಾರಕ್ಕೆ ಬರುತ್ತೇನೆ. ಯಾರೂ ಎತ್ತದಿದ್ದರೂ ಎಲ್ಲರ ಮನಸ್ಸಿನಲ್ಲೂ ಇದೆ ಎಂದು ನನಗೆ ಗೊತ್ತು. ಮೂರನೇ ಸಾಲಿನ ದರ್ಜಿ ಆಗಲೇ ಪಕ್ಕದವರ ಕಿವಿ ಕಚ್ಚುತ್ತಿದ್ದಾರೆ.

ಹೋದ ವರ್ಷ ಒಂದು ಸಂಜೆ ಮನೆಯವರೆಲ್ಲ ಹೊರಗೆ ಹೋಗಿದ್ದರು. ದೀಪ ಹಾಕಲು ಹತ್ತುವಾಗ ಮೆಟ್ಟಿಲ ಮೇಲೆ ಕಾಲು ಜಾರಿತು. ಬಿದ್ದೆ. ಏಳಲಾಗಲಿಲ್ಲ. ಮೇಲೆ ಹಾರ್ನು ಕೇಳುತ್ತಿದೆ, ‘ಮೇಲಿನ ಬೀದಿ, ಕೇಳಿಸ್ತಿದೆಯಾ?’ ಕೇಳಿಸುತ್ತಿತ್ತು. ಅಷ್ಟು ಚೆನ್ನಾಗಿ ಯಾವತ್ತೂ ಕೇಳಿಸಿರಲಿಲ್ಲ. ಸ್ವಿಚ್ಚು ನಾಲ್ಕು ಮೆಟ್ಟಿಲು ಆಚೆಗಿತ್ತು. ‘ಮೇಲಿನ ಬೀದಿ, ಕೇಳಿಸ್ತಿದೆಯಾ?’ ಎರಡನೇ ಸಲ. ಕ್ರಮದ ಪ್ರಕಾರ ಅಲ್ಲಿಗೆ ನಿಲ್ಲಿಸಿ ಏಣಿಯನ್ನು ಕಳಿಸಬೇಕು. ಕಳಿಸಲಿಲ್ಲ. ಮೂರನೇ ಸಲ ಹಾರ್ನಿನಲ್ಲಿ, ಎಲ್ಲ ಬೀದಿಗಳ ಎಲ್ಲ ಹಾರ್ನುಗಳಲ್ಲಿ, ‘ಅಕ್ಕಾ, ಕೇಳಿಸ್ತಿದೆಯಾ? ಅಕ್ಕಾ, ದೀಪ ಹಾಕಕ್ಕಾ’ ಅಂದಳು. ಆಮೇಲೆ, ‘ಮೇಲಿನ ಬೀದಿಯವರು ಯಾರಾದ್ರೂ ಬೇಗ ನಮ್ಮನೆಗೆ ಓಡಿ.’

ನಮ್ಮನೆ ಅಂದಳು.

ದರ್ಜಿ ಓಡಿಬಂದು ಚಿಲಕ ಮುರಿದರು, ಅದಕ್ಕೆ ನಾನು ಋಣಿ. ಚಿಲಕ ಇನ್ನೂ ರಿಪೇರಿ ಮಾಡಿಸಿಕೊಟ್ಟಿಲ್ಲ, ಅದೂ ನೆನಪಿದೆ.

ನಾನು ಮಲಗಿದ್ದಾಗ ನೋಡಲು ಬಂದವರು ಏನು ಕೇಳಿದರು? ಕಾಲು ಹೇಗಿದೆ ಎಂದೇ? ಇಲ್ಲ. ‘ಸುದ್ದಿಯಮ್ಮ ನಿಮ್ಮನ್ನ ಅಕ್ಕಾ ಅಂದ್ರಲ್ಲ!’ ಬಂದವರೆಲ್ಲ ಅದನ್ನೇ. ಎಷ್ಟೋ ವರ್ಷ ನಾನೊಬ್ಬಳೇ ಅಡುಗೆಮನೆಯಲ್ಲಿ ಕೂತು ಕೇಳಿಸಿಕೊಂಡಿದ್ದನ್ನು ಒಂದು ಸಂಜೆಯಲ್ಲಿ ಊರಿಗೆಲ್ಲ ಹಂಚಿಬಿಟ್ಟಿದ್ದಳು. ನಾನು ದೂರು ಬರೆದು ಕಳಿಸಿದೆ. ಸಾರ್ವಜನಿಕ ಧ್ವನಿವರ್ಧಕವನ್ನು ಸ್ವಂತ ಸಂಬಂಧಕ್ಕೆ ಬಳಸಲಾಗಿದೆ, ಕ್ರಮ ಕೈಗೊಳ್ಳಬೇಕು ಎಂದು. ದೂರು ಸರಿಯಾಗಿಯೇ ಇತ್ತು, ಈಗಲೂ ಅದನ್ನೇ ಹೇಳುತ್ತೇನೆ. ನಿಯಮ ಅಂದರೆ ನಿಯಮ. ಪುರಸಭೆಯವರು ಅವಳಿಗೆ ಎಚ್ಚರಿಕೆ ಕೊಟ್ಟರು. ಕಾಗದದಲ್ಲಿ ಇರುವುದನ್ನು ಬಿಟ್ಟು ಒಂದು ಅಕ್ಷರವನ್ನೂ ಆಡಕೂಡದು. ಪ್ರಶ್ನೆ ಕಾಗದದಲ್ಲಿ ಇರಲಿಲ್ಲ. ಮಾರನೇ ದಿನದಿಂದ ಪ್ರಶ್ನೆ ನಿಂತುಹೋಯಿತು. ಅದರ ಬದಲು ಒಂದು ಗಂಟೆಯ ಸದ್ದು. ಗಂಟೆಗೆ ಯಾರೂ ದೀಪ ಹಾಕಬೇಕಾಗಿಲ್ಲ ಎಂದು ಆಲಿಸುವವರಿಗೆಲ್ಲ ತಿಳಿಸಿದರು.

ಕಾಲು ಸರಿಹೋದ ಮೇಲೂ ನಾನು ದಿನಾ ಹತ್ತಿ ದೀಪ ಹಾಕುತ್ತಿದ್ದೇನೆ. ಅಭ್ಯಾಸ. ವಿದ್ಯುತ್ ಖರ್ಚು ನನ್ನದು, ಆಕ್ಷೇಪಣೆ ಇರುವವರು ಹೇಳಬಹುದು.

ಕಾಲಿಗೆ ಪಟ್ಟಿ ಕಟ್ಟಿ ಮಲಗಿದ್ದ ಆ ದಿನಗಳಲ್ಲೇ ಇನ್ನೊಂದು ವಿಷಯ ನಡೆಯಿತು, ಅದನ್ನೂ ಹೇಳಿಬಿಡುತ್ತೇನೆ. ಒಂದು ಮಧ್ಯಾಹ್ನ ಬೀದಿ ಬಾಗಿಲಲ್ಲಿ ಮಾತು ಕೇಳಿಸಿತು. ‘ಹೇಗಿದ್ದಾಳಮ್ಮ?’ ಹಾರ್ನು ಇಲ್ಲದ ಧ್ವನಿ. ತುಂಬಾ ಸಣ್ಣದಾಗಿತ್ತು. ವಯಸ್ಸಾಗಿತ್ತು ಅದಕ್ಕೆ. ಹಾರ್ನಿನಲ್ಲಿ ಅದು ತಿಳಿಯುತ್ತಲೇ ಇರಲಿಲ್ಲ.

ಸೊಸೆ, ‘ಒಳಗೆ ಬನ್ನಿ ಚಿಕ್ಕತ್ತೆ’ ಅಂದಳು.

‘ಬರಬಾರದಮ್ಮ. ನಿಮ್ಮತ್ತೆ ಹೊಸಿಲು ತುಳೀಬೇಡ ಅಂದಿದ್ದಾಳೆ. ಅವಳ ಮಾತು ಗೊತ್ತಲ್ಲ, ಹಾಲಿನವನನ್ನ ಕೇಳು.’

ಇಬ್ಬರೂ ನಕ್ಕರು. ಆಮೇಲೆ ಅವಳು ಅಲ್ಲೇ ಸ್ವಲ್ಪ ಹೊತ್ತು ನಿಂತಳು. ನಾನು ಕರೆಯಲಿಲ್ಲ. ಕಾಲು ನೋವಿತ್ತು. ಕಾಲು ನೋವಿದ್ದರೆ ಬಾಯಿಗೇನಾಗಿತ್ತು ಎಂದು ನೀವು ಕೇಳಬಹುದು. ಕೇಳಬೇಡಿ. ಚಪ್ಪಲಿಯ ಸದ್ದು ಬೀದಿಯ ತಿರುವಿನ ತನಕ ಕೇಳಿಸಿತು. ಕೇಳುವುದೇ ಕೆಲಸವಾದವರ ಕಿವಿ ಹಾಗೆ, ಬೇಡದ್ದೂ ಕೇಳಿಸುತ್ತದೆ.

ಸಭಿಕರೇ, ನಾಳೆಯಿಂದ ಫೋನಿನಲ್ಲಿ ಸುದ್ದಿ ಬರುತ್ತದೆ. ಬರಲಿ. ನಾನು ಹೊಸದನ್ನು ಬೇಡವೆನ್ನುವವಳಲ್ಲ. ಕಿವಿ ಮಂದವಾದವರಿಗೆ ಒಳ್ಳೆಯದು, ಹೊರಗೆ ದುಡಿಯುವವರಿಗೆ ಒಳ್ಳೆಯದು. ಮೊಮ್ಮಗಳು ನನ್ನ ಫೋನಿಗೂ ಹಾಕಿಕೊಟ್ಟಿದ್ದಾಳೆ. ಪರೀಕ್ಷೆಗೆಂದು ನಿನ್ನೆ ಒಂದು ಸುದ್ದಿ ಬಂತು. ‘ಟಿಂಗ್.’ ಕೆಳಗಿನ ಬೀದಿಗೆ ನೀರು. ಓದಿದೆ. ಎಲ್ಲ ಸರಿಯಾಗಿತ್ತು, ಒಂದು ಕಾಗುಣಿತವೂ ತಪ್ಪಿರಲಿಲ್ಲ. ಆದರೆ ಓದಿ ಆದ ಮೇಲೂ ಫೋನನ್ನು ಹಿಡಿದುಕೊಂಡು ಕೂತಿದ್ದೆ. ಅದು ನನ್ನನ್ನು ಏನೂ ಕೇಳಲಿಲ್ಲ. ಅದಕ್ಕೆ ನೆಗಡಿ ಆಗುವುದಿಲ್ಲ. ನಾನು ಮೆಟ್ಟಿಲ ಮೇಲೆ ಬಿದ್ದಿದ್ದರೂ ಅದು ಟಿಂಗ್ ಎಂದು ಸುಮ್ಮನಾಗುತ್ತಿತ್ತು. ಇದು ಪುರಸಭೆಯ ಮೇಲಿನ ಟೀಕೆಯಲ್ಲ. ಯಂತ್ರ ತನ್ನ ಕೆಲಸ ಮಾಡುತ್ತದೆ. ಹಿತ್ತಲ ಕಡೆಗೆ ಬಾಯಿ ತಿರುಗಿಸಿದ ಹಾರ್ನು ಮಾಡುತ್ತಿದ್ದುದು ಬೇರೆ ಕೆಲಸ, ಅಷ್ಟೆ.

ಮುಖ್ಯಾಧಿಕಾರಿಗಳು ಚೀಟಿ ಕಳಿಸಿದ್ದಾರೆ, ಮುಗಿಸಬೇಕಂತೆ. ಮುಗಿಸುತ್ತೇನೆ. ಆದರೆ ಹಾರ್ನಿನ ಕೊನೆಯ ಸುದ್ದಿಯನ್ನು ಆಲಿಸುವವರಲ್ಲಿ ಹಿರಿಯರು ಓದಬೇಕು ಎಂದು ಕಾರ್ಯಕ್ರಮದಲ್ಲಿ ಅವರೇ ಬರೆಸಿದ್ದಾರೆ. ಹಿರಿಯಳು ನಾನೇ. ಈ ಮೈಕಿನ ತಂತಿ ಇವತ್ತು ಎಲ್ಲ ಬೀದಿಗಳಿಗೂ ಸೇರಿದೆ ಎಂದು ಏಣಿ ಹೇಳಿದ್ದಾನೆ. ಅವರು ಕೊಟ್ಟ ಕಾಗದದಲ್ಲಿ ಎರಡು ಸುದ್ದಿಗಳಿವೆ. ನಾಳೆ ಬೆಳಿಗ್ಗೆ ಹಾರ್ನು ಇಳಿಸುವಾಗ ಎಲ್ಲ ಬೀದಿಗಳಲ್ಲೂ ಕರೆಂಟು ಇರುವುದಿಲ್ಲ. ಇನ್ನೊಮ್ಮೆ ಹೇಳುತ್ತೇನೆ, ನಾಳೆ ಬೆಳಿಗ್ಗೆ ಕರೆಂಟು ಇರುವುದಿಲ್ಲ. ಫೋನಿಗೆ ಸುದ್ದಿ ಬರದವರು ಪುರಸಭೆಯ ಕೆಳಗಿನ ಕೋಣೆಯಲ್ಲಿ ವಿಚಾರಿಸಬೇಕು. ಇನ್ನೊಮ್ಮೆ ಹೇಳುತ್ತೇನೆ, ಕೆಳಗಿನ ಕೋಣೆಯಲ್ಲಿ.

ಮೂರನೆಯ ಸುದ್ದಿ ಕಾಗದದಲ್ಲಿ ಇಲ್ಲ. ಅದು ಸ್ವಂತ ಸಂಬಂಧದ್ದು, ನಿಯಮಕ್ಕೆ ವಿರುದ್ಧ. ದೂರು ಕೊಡುವವರು ಕೊಡಬಹುದು. ಬರೆಯುವ ಕ್ರಮ ತಿಳಿಯದಿದ್ದರೆ ಮನೆಗೆ ಬನ್ನಿ, ನಾನೇ ಬರೆದುಕೊಡುತ್ತೇನೆ.

ಓದುವ ಮುಂಚೆ ಕೇಳುವುದು ಪದ್ಧತಿ.

ಆ ತುದಿಯ ಕುರ್ಚಿಗೆ, ಕೇಳಿಸ್ತಿದೆಯಾ?

ದೀಪ ಬೇಡ. ತಲೆ ಆಡಿಸಿದರೆ ಸಾಕು.

ಸರಿ.

ಸಾರ್ವಜನಿಕರ ಗಮನಕ್ಕೆ. ಮೇಲಿನ ಬೀದಿಯ ಗಿರಣಿ ಮನೆಯ ಮುಂಬಾಗಿಲಿನ ಹೊಸಿಲನ್ನು ಇಂದು ಬೆಳಿಗ್ಗೆ ಕೀಳಿಸಲಾಗಿದೆ. ಆ ಬಾಗಿಲಲ್ಲಿ ಈಗ ತುಳಿಯಲು ಏನೂ ಇಲ್ಲ. ಇದ್ದ ಜಾಗವನ್ನು ನೆಲಕ್ಕೆ ಸಮ ಮಾಡಲಾಗಿದೆ. ಹಳೆಯ ಅಭ್ಯಾಸದಿಂದ ಕಾಲೆತ್ತಿ ಇಡುವವರು ಎಡವುವ ಸಂಭವವಿದೆ. ನೋಡಿಕೊಂಡು ಬರಬೇಕಾಗಿ ಕೋರಲಾಗಿದೆ.

ಇನ್ನೊಮ್ಮೆ ಹೇಳುತ್ತೇನೆ.

ಹೊಸಿಲು ಕೀಳಿಸಿದ್ದೇನೆ. ನೋಡಿಕೊಂಡು ಬಾ.

ನಾಳೆಯ ಬಸ್ಸಿನ ವಿಚಾರ ನನಗೆ ಸಂಬಂಧಿಸಿದ್ದಲ್ಲ. ಬಸ್ಸು ದಿನವೂ ಇರುತ್ತದೆ.

ನನ್ನ ಮಾತನ್ನು ಸಹಿಸಿಕೊಂಡ ಅಧ್ಯಕ್ಷರಿಗೆ, ಚೀಟಿ ಕಳಿಸಿ ಸುಮ್ಮನಾದ ಮುಖ್ಯಾಧಿಕಾರಿಗಳಿಗೆ, ಚಿಲಕ ಮುರಿದ ದರ್ಜಿಗೆ, ಹಾರ್ನಿನ ಬಾಯಿಯನ್ನು ಹೇಳಿದ ಕಡೆಗೆ ತಿರುಗಿಸಿ ಇಷ್ಟು ವರ್ಷ ಯಾರಿಗೂ ಹೇಳದಿದ್ದ ಏಣಿಗೆ ನಾನು ಋಣಿ. ಇವತ್ತು ನಸುಕಿನಲ್ಲೇ ಬಂದ ಬಡಗಿಗೂ ಋಣಿ. ಅವನು, ‘ಅಮ್ಮಾ, ಹೊಸಿಲು ಕಿತ್ರೆ ಚೌಕಟ್ಟು ಸಡಿಲ ಆಗುತ್ತೆ, ಯೋಚ್ನೆ ಮಾಡಿ’ ಎಂದು ಉಳಿ ಹಿಡಿದುಕೊಂಡೇ ನಿಂತಿದ್ದ. ಸಡಿಲವಾಗಲಿ ಬಿಡು, ಬಿಗಿಯಾಗಿದ್ದದ್ದು ಸಾಕು ಎಂದೆ. ಕಿತ್ತ.

ಎಲ್ಲರಿಗೂ ನಮಸ್ಕಾರ.